ಎಡಗೈಯ ಸ್ಟಿಕ್ಕು

ಆರನೆಯ ಅಂಗಿಗೆ ಕಾಜಾ ಹಾಕುತ್ತಿದ್ದ ಟೈಲರಮ್ಮ ಸೂಜಿಯನ್ನು ಬಟ್ಟೆಯಲ್ಲೇ ಚುಚ್ಚಿಟ್ಟು ಎದ್ದಳು. ಸೊಂಟ ಕಟಕ್ಕೆಂದಿತು.

"ಏಳೇ, ಇನ್ನೊಂದು ಅಂಗಡಿ ನೋಡಿಬರೋಣ."

"ಎಲ್ಲಾ ಮುಗೀತಮ್ಮ. ಔಷಧಿ ಅಂಗಡೀಲಿ ಕೇಳೋದೊಂದು ಬಾಕಿ," ಎಂದಳು ಮಗಳು.

ಮಗಳು ಹಾಕಿ ಆಟದ ಶಿಬಿರಕ್ಕೆ ಆಯ್ಕೆಯಾಗಿ ತಿಂಗಳಾಗಿತ್ತು. ಒಪ್ಪಿಗೆಯ ಕಾಗದ ಬರೆದೂ ಆಗಿತ್ತು. ಟೈಲರಮ್ಮ ಅದನ್ನು ಅಂಚೆಗೆ ಹಾಕದೆ ಚೀಲದಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದಳು. ನಾಳಿದ್ದರೊಳಗೆ ತಲುಪದಿದ್ದರೆ ಆ ಜಾಗ ಇನ್ನೊಬ್ಬಳ ಪಾಲು. ಆದರೆ ಮಗಳೂ ತನ್ನಂತೆ ಎಡಚಿ. ಬಲಗೈಯವರ ಕತ್ತರಿ ಹಿಡಿದೇ ಇಪ್ಪತ್ತು ವರ್ಷ ಸವೆಸಿದವಳ ಹೆಬ್ಬೆರಳಲ್ಲಿ ಹುಣಸೆ ಬೀಜದಂಥ ಜಡ್ಡು. ಆ ಪಾಡು ಮಗಳಿಗೆ ಬೇಡ. ಎಡಗೈ ಸ್ಟಿಕ್ಕು ಸಿಗುವವರೆಗೆ ಕಾಗದ ಹೋಗಕೂಡದು ಎಂಬುದು ಅವಳ ಹಟ.

"ಎಲ್ರಿಗೂ ಒಂದೇ ಥರದ ಸ್ಟಿಕ್ಕು ಅಂತ ಆಟ ಕಲಿಸೋ ಸಾರ್ ಹೇಳಿದ್ರು," ಎಂದಿದ್ದಳು ಮಗಳು.

"ಅವರಿಗೇನು, ಬಲಗೈಯವರು!"

ಪೇಟೆಯ ಒಂದು ಸಂದಿಯ ಕೊನೆಯ ಅಂಗಡಿಯಲ್ಲಿ ಒಬ್ಬ ಮುದುಕ ಸ್ಟಿಕ್ಕೊಂದರ ಹಿಡಿಗೆ ಪಟ್ಟಿ ಸುತ್ತುತ್ತಿದ್ದ. ಟೈಲರಮ್ಮ ಕೇಳಿದ್ದಕ್ಕೆ ಅವನು ನಗಲಿಲ್ಲ.

"ಎಡಗೈ ಸ್ಟಿಕ್ಕು ಆಟದ ನಿಯಮದಲ್ಲೇ ಇಲ್ಲ ತಾಯಿ. ಚಪ್ಪಟೆ ಮುಖ ಎಲ್ರಿಗೂ ಎಡಕ್ಕೇ."

"ಮತ್ತೆ ಅಂಗಡಿಯವರೆಲ್ಲ ಮುಂದಿನ ವಾರ ಬನ್ನಿ ಅಂದ್ರಲ್ಲ!"

"ಇಲ್ಲ ಅಂದ್ರೆ ಗಿರಾಕಿ ಮತ್ತೆ ಬರಲ್ವಲ್ಲ."

ಟೈಲರಮ್ಮ ಅಲ್ಲಿದ್ದ ಸ್ಟೂಲಿನ ಮೇಲೆ ಕುಸಿದಳು. ತಿಂಗಳಿಡೀ ಸುತ್ತಿದ್ದೆಲ್ಲ ದಂಡವಾಗಿತ್ತು.

ಮುದುಕ ಒಂದು ಸ್ಟಿಕ್ಕನ್ನು ಹುಡುಗಿಯ ಪಕ್ಕ ನಿಲ್ಲಿಸಿ, ಸೊಂಟದ ಮೂಳೆ ದಾಟಿತೆಂದು ತೆಗೆದಿಟ್ಟ. ಎರಡನೆಯದು ಭಾರವಾಯಿತು. ಮೂರನೆಯದನ್ನು ಕೈಗಿತ್ತು ಕೇಳಿದ: "ಹಿಡೀಲಿ ಮೇಲ್ಗಡೆ ಯಾವ ಕೈಯಮ್ಮ?"

"ಎಡಗೈ."

"ತಿರುಗಿಸೋದು?"

"ಅದೇ. ಬಲಗೈ ಸುಮ್ನೆ ಆಸರೆಗೆ."

"ಕೇಳಿದ್ರಾ ತಾಯಿ? ಇಲ್ಲಿ ಯಜಮಾನಿಕೆ ಎಡಗೈದು. ಬಲಗೈ ಬರೀ ಆಳು. ನಿಮ್ಮ ಮಗಳಿಗೆ ಹೇಳಿ ಮಾಡಿಸಿದ ಆಟ."

"ನಾನೂ ಅದನ್ನೇ ಬಡ್ಕೊಂಡೆ," ಎಂದಳು ಮಗಳು.

"ಬಾಯಿ ಮುಚ್ಚೇ."

ಮುದುಕ ಒಂದು ಚೆಂಡು ಉರುಳಿಸಿದ. ಮಗಳು ಮಣಿಕಟ್ಟು ತಿರುವಿದಳು. ಸ್ಟಿಕ್ಕು ಚೆಂಡಿನ ಈಚೆಗೊಮ್ಮೆ ಆಚೆಗೊಮ್ಮೆ ಮಗುಚಿತು. ಎಲ್ಲೂ ತಡವರಿಸಲಿಲ್ಲ. ತಾಯಿ ನೋಡುತ್ತಲೇ ಇದ್ದಳು. ಸಂತೋಷಪಡಲೂ ತ್ರಾಣವಿರಲಿಲ್ಲ.

"ಇದನ್ನೇ ಕೊಡಿ," ಎಂದಳು.

ಅಂಚೆ ಕಚೇರಿಯ ಬಾಗಿಲು ಅರ್ಧ ಎಳೆದಾಗಿತ್ತು. ಕಿಟಕಿಯ ಗುಮಾಸ್ತ ಲಕೋಟೆಯನ್ನು ತಿರುಗಿಸಿ ನೋಡಿದ. "ಮೂಲೆಯೆಲ್ಲ ಸವೆದಿದೆಯಲ್ಲಮ್ಮ, ಬೇರೆ ಲಕೋಟೆ ಕೊಡ್ಲಾ?"

"ಬೇಡಪ್ಪ. ನಾಳಿದ್ದು ಮುಟ್ಟಬೇಕು. ಮೊದ್ಲು ಮುದ್ರೆ ಒತ್ತು."

ಅವನು ಒತ್ತಿದ.