ಚಡ್ಡಿ ತಿನ್ನದ ಮಣ್ಣು

ನಮ್ಮಮ್ಮ ನೆದೆಲ್ಕಾಗೆ ಸಿಟ್ಟು ಬಂದರೆ ಊರ ಪಕ್ಕದ ಡ್ಯಾನ್ಯೂಬ್ ನದಿಯೂ ಸದ್ದಿಲ್ಲದೆ ಹರಿಯುತ್ತದೆ. ಆ ವರ್ಷ ಸಿಟ್ಟು ಬರಿಸಿದವನು ಅವಳ ತಮ್ಮ, ಗಂಚೋ ಮಾವ. ಅಜ್ಜಿ ಬಿಟ್ಟುಹೋದ ದೊಣ್ಣೆಮೆಣಸಿನ ತೋಟವನ್ನು ತನ್ನ ಸೂರ್ಯಕಾಂತಿ ಹೊಲಕ್ಕೆ ಸೇರಿಸಿ ಉಳುತ್ತೇನೆಂದು ಹಟ ಹಿಡಿದಿದ್ದ.

"ನಿನ್ ತೋಟದಲ್ಲಿ ಬರೀ ಹುಳ, ಕಸ ಕಣಕ್ಕ. ನನ್ ಹೊಲ ನೋಡು, ತಲೆ ಬಾಚಿದಂಗಿದೆ!"

"ಬೋಳುತಲೇಲಿ ಬಾಚೋಕ್ಕೇನಿದ್ಯೋ? ವರ್ಷ ವರ್ಷಾನೂ ಕಡ್ಡಿಗೆ ಬೆಂಕಿ ಇಡ್ತೀಯ, ಮೇಲೆ ವಿಷ ಹೊಡೀತೀಯ. ಮಣ್ಣಲ್ಲಿ ಜೀವ ಇದ್ಯಾ ಅಂತ ಎರಡು ಕಡೇನೂ ಹತ್ತಿ ಬಟ್ಟೆ ಹೂತು ಪರೀಕ್ಷೆ ಮಾಡೋಣ ಬಾ. ಸೋತೋರು ತೋಟದ ಮಾತೆತ್ತಬಾರದು."

ವಸಂತದ ಸಂತ ಗೆಯೋರ್ಗಿ ಹಬ್ಬದ ಕುರಿಮರಿ ಊಟ ಅರಗುವ ಮೊದಲೇ ಮಾವನ ಎರಡು ಹೊಸ ಹತ್ತಿ ಚಡ್ಡಿಗಳು ಮಣ್ಣು ಸೇರಿದವು. ಒಂದು ಅವನ ಹೊಲದಲ್ಲಿ, ಒಂದು ನಮ್ಮ ತೋಟದಲ್ಲಿ.

ಬೇಸಿಗೆಯ ಕೊನೆಗೆ, ಪ್ಲಮ್ ಹಣ್ಣಾಗುವ ಹೊತ್ತಿಗೆ ಅಗೆದೆವು. ತೋಟದಲ್ಲಿ ಸಿಕ್ಕಿದ್ದು ಸೊಂಟದ ಎಲಾಸ್ಟಿಕ್ ಮಾತ್ರ, ಅದಕ್ಕೊಂದು ಎರೆಹುಳ ಜೋತುಬಿದ್ದಿತ್ತು. ಹೊಲದ ಚಡ್ಡಿ ಮಾತ್ರ ಆಗತಾನೇ ಅಂಗಡಿಯಿಂದ ತಂದಂತಿತ್ತು.

ಮಾವ ಕುಣಿದಾಡಿದ. "ನೋಡಿದ್ಯಾ, ನನ್ ಮಣ್ಣು ಎಷ್ಟು ಕ್ಲೀನು! ಒಗೆದು ಹಾಕ್ಕೋಬಹುದು. ನಿನ್ ಮಣ್ಣು ಹೊಟ್ಟೆಬಾಕ, ಚಡ್ಡೀನೂ ಬಿಟ್ಟಿಲ್ಲ. ಗೆದ್ದೋನು ನಾನೇ!"

ಅಮ್ಮನ ಮುಖ ಅವಳ ಮೆಣಸಿನಕಾಯಿಗಿಂತ ಕೆಂಪಾಯಿತು.

"ಹೊಟ್ಟೆ ಇದ್ರೆ ತಾನೇ ಹಸಿವು, ಪೆದ್ದ! ಹತ್ತಿ ಬಂದಿದ್ದೂ ಗಿಡದಿಂದಾನೇ. ಉದುರಿದ ಎಲೆ, ಸತ್ತ ಬೇರು, ನಿನ್ ಚಡ್ಡಿ, ಎಲ್ಲಾನೂ ಕಣ್ಣಿಗೆ ಕಾಣದ ಜೀವಿಗಳು, ಬೂಷ್ಟು, ಹುಳ ತಿಂದು ಕೊಳೆಸಿ ಗಿಡಕ್ಕೆ ಊಟ ಮಾಡಿಕೊಡ್ತವೆ. ನಿನ್ ಹೊಲದಲ್ಲಿ ತಿನ್ನೋಕ್ಕೇ ಯಾರೂ ಉಳಿದಿಲ್ಲ. ಅದು ಕ್ಲೀನಲ್ಲ ಕಣೋ, ಸ್ಮಶಾನ!"

ಮಾವ ಕೇಳಲಿಲ್ಲ. ಶರತ್ಕಾಲದಲ್ಲಿ, ಬೀದಿಯವರೆಲ್ಲ ಸೇರಿ ನಮ್ಮ ಅಂಗಳದಲ್ಲಿ ಚಳಿಗಾಲದ ಚಟ್ನಿಗೆ ಮೆಣಸಿನಕಾಯಿ ಸುಡುತ್ತಿದ್ದಾಗ, ತೋಟ ಉಳಲು ಟ್ರ್ಯಾಕ್ಟರ್ ಏರಿ ಬಂದೇಬಿಟ್ಟ. ಅಂಗಳದ ಪಕ್ಕದ ತೋಟದ ಗೇಟಿನ ಕಂಬದ ಮೇಲೆ, ಅಮ್ಮ ಕಟ್ಟಿದ್ದ ಅವನ ಹೊಲದ ಬಿಳಿ ಚಡ್ಡಿ ಪಟಪಟ ಹಾರುತ್ತಿತ್ತು.

"ಯಾವ ದೇಶದ ಬಾವುಟಾನೋ ಗಂಚೋ ಅದು?" ಎಂದಳು ಪಕ್ಕದ ಮನೆಯ ತಾನಾ ಅಜ್ಜಿ, ಕೈಯ ಮಸಿ ಒರೆಸಿಕೊಳ್ಳುತ್ತ.

"ಇವನ ಹೊಲದ್ದು ಅಜ್ಜಿ," ಎಂದಳು ಅಮ್ಮ. "ಅಲ್ಲಿ ಎಲ್ರೂ ಸತ್ತಿದಾರೆ, ಚಡ್ಡಿ ಒಂದೇ ಬದುಕಿರೋದು!"

ಅಂಗಳವೆಲ್ಲ ನಕ್ಕಿತು. ವಿಜ್ಞಾನಕ್ಕೆ ಜಗ್ಗದ ಮಾವ ನಗುವಿಗೆ ಜಗ್ಗಿದ. ಟ್ರ್ಯಾಕ್ಟರ್ ಹಿಂದಕ್ಕೆ ಹೋಯಿತು, ತೋಟ ಉಳಿಯಿತು.

ಸಂಜೆ ಮೆಣಸಿನಕಾಯಿಯ ಘಮದೊಳಗೆ ಬೇರೊಂದು ವಾಸನೆ ನುಗ್ಗಿತು. ಮಾವನ ಹೊಲದಿಂದ ಹೊಗೆ. ಕೊಯ್ದುಳಿದ ಸೂರ್ಯಕಾಂತಿ ಕಡ್ಡಿಗೆ ಮತ್ತೆ ಬೆಂಕಿ ಇಟ್ಟಿದ್ದ.

ಅಮ್ಮ ಚಾಕು ಎಸೆದು ಎದ್ದು ನನ್ನ ಕಡೆ ತಿರುಗಿದಳು.

"ಬಕೆಟ್ಟಲ್ಲಿ ನೀರು ತಗೊಂಬಾರೇ, ಬೆಂಕಿ ಆರ್ಸೋಣ! ಅವನಿಗೋಸ್ಕರ ಅಲ್ಲ, ಅಲ್ಲಿ ಒಂದಾದ್ರೂ ಎರೆಹುಳ ಉಳಿದಿದ್ರೆ ಅದಕ್ಕೋಸ್ಕರ."