ಕೊಸರು ಸುತ್ತು

ಉಮರ್ಗಾದ ಹೆದ್ದಾರಿ ಮಗ್ಗುಲಲ್ಲಿ ಜಗದೇವಪ್ಪನ ಮೋಟರ್ ರಿಪೇರಿ ಅಂಗಡಿ ಇದೆ. ಹೊರಗಿನ ಬೋರ್ಡು ಅವನದು, ಕುರ್ಚಿ ಅವನದು, ಮಾತೂ ಅವನದೇ. ಒಳಕೋಣೆಯಲ್ಲಿ ಕೂತು ಸುಟ್ಟ ಮೋಟರಿಗೆ ಹೊಸ ತಾಮ್ರದ ತಂತಿ ಸುತ್ತಿ ಕಟ್ಟುವವಳು ಮಾತ್ರ ಹೆಂಡತಿ ಮಾಣಿಕಬಾಯಿ. ಇಪ್ಪತ್ತಾರು ವರ್ಷದಿಂದ ಸುತ್ತುತ್ತಲೇ ಇದ್ದಾಳೆ. ಈಗೀಗ ಬಲಭುಜ ಎತ್ತಿದರೂ ನೋವು, ಇಳಿಸಿದರೂ ನೋವು. ಯಾರ ಮುಂದೆ ಹೇಳಬೇಕು? ಗಂಡನಿಗೆ ಹೇಳಿದರೆ ಅವನು ತನ್ನ ಮೊಣಕಾಲಿನ ಪುರಾಣ ತೆಗೆಯುತ್ತಾನೆ.

ಜಗದೇವಪ್ಪ ಕಟ್ಟಿದ ಮೋಟರ್ ಸುಡುವುದಿಲ್ಲ ಎಂದು ದಾಳಿಂಬದಿಂದ ನಿಲಂಗಾದವರೆಗೆ ಹೆಸರಿತ್ತು. ಆ ಹೆಸರಿನ ಗುಟ್ಟು ಮಾಣಿಕಬಾಯಿ ಒಬ್ಬಳಿಗೇ ಗೊತ್ತು. ಮದುವೆಯಾದ ಹೊಸದರಲ್ಲಿ ಅವಳು ಕಟ್ಟಿದ ಮೊದಲ ಪಂಪಿನ ಮೋಟರ್ ಎಂಟೇ ದಿನಕ್ಕೆ ಸುಟ್ಟುಹೋಗಿತ್ತು. ಎಣಿಸುವಾಗ ಹೊರಗಿನಿಂದ ಗಂಡ ಚಹಾ ಚಹಾ ಎಂದು ಕೂಗಿ ಕೂಗಿ ಲೆಕ್ಕ ತಪ್ಪಿಸಿದ್ದ, ಸುತ್ತು ಕಡಿಮೆ ಬಿದ್ದಿದ್ದವು. ದಾಳಿಂಬದ ರೈತ ಮನ್ಮಥಪ್ಪ ಆ ಮೋಟರನ್ನು ಹೆಗಲ ಮೇಲೆ ಹೊತ್ತು ತಂದು, ಒಂದು ಮಾತೂ ಆಡದೆ ಅಂಗಡಿಯ ಕಟ್ಟೆಯ ಮೇಲೆ ಕೂತುಬಿಟ್ಟ. ನಾಲ್ಕು ಮಾತು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮಾಣಿಕಬಾಯಿಯ ತವರು ಉದಗೀರದ ಕಾಳಿನ ವ್ಯಾಪಾರದ ಮನೆ. ಅಪ್ಪ ಜೋಳ ಅಳೆಯುವಾಗ ಮೊದಲ ಸೇರಿಗೆ ಒಂದು ಎನ್ನದೆ ಲಾಭ ಎನ್ನುತ್ತಿದ್ದ, ಕೊನೆಗೆ ಒಂದು ಹಿಡಿ ಕೊಸರು ಹಾಕದೆ ಗಿರಾಕಿಯನ್ನು ಕಳಿಸುತ್ತಿರಲಿಲ್ಲ. ಮನ್ಮಥಪ್ಪ ಬಂದು ಹೋದ ದಿನದಿಂದ ಮಗಳೂ ಹಾಗೆಯೇ ಎಣಿಸತೊಡಗಿದಳು. ಲಾಭ, ಎರಡು, ಮೂರು ಎಂದು ಅರವತ್ತು ಮುಗಿಸಿ, ಮೇಲೊಂದು ಕೊಸರು ಸುತ್ತು. ಅಷ್ಟರಿಂದ ಮೋಟರ್ ಒಂದಿಷ್ಟು ತಣ್ಣಗಿರುತ್ತದೆ. ಸುಡದ ಮೋಟರನ್ನು ಬಿಚ್ಚುವವರು ಯಾರು, ಬಿಚ್ಚದೆ ಸುತ್ತು ಎಣಿಸುವವರು ಯಾರು? ತಂತಿ ಬೇಗ ಮುಗಿಯುತ್ತದೆ ಎಂಬುದಷ್ಟೇ ಗಂಡನಿಗೆ ಗೊತ್ತಿತ್ತು. ಅದಕ್ಕೆ ಅವನು ಬೈಯುತ್ತಿದ್ದ, ಇವಳು ಬೈಸಿಕೊಳ್ಳುತ್ತಿದ್ದಳು.

ಇವರ ಮಗಳು ಸ್ನೇಹಲ ನಿಲಂಗಾದಲ್ಲಿ ಇಂಜಿನಿಯರಿಂಗ್ ಡಿಪ್ಲೊಮಾ ಓದುತ್ತಾಳೆ. ಅವಳ ಗುಂಪು ಬ್ಯಾಟರಿಯ ಮೇಲೆ ಓಡುವ ರೇಸ್ ಕಾರು ಕಟ್ಟಿತ್ತು. ನೆಲಕ್ಕೆ ಹೊಟ್ಟೆ ತಾಗುವಂಥ ಗಿಡ್ಡ ಗಾಡಿ, ಒಂದೇ ಸೀಟು, ಹಿಂದಿನ ಎರಡು ಗಾಲಿಗೆ ಬೇರೆ ಬೇರೆ ಎರಡು ಮೋಟರ್. ಭಾನುವಾರ ಉದಗೀರದಲ್ಲಿ ಪಂದ್ಯ, ಓಡಿಸುವವಳು ಸ್ನೇಹಲ. ಹೋದ ವಾರ ಬಲಗಡೆಯ ಮೋಟರ್ ಸುಟ್ಟಿತು. ಹೊಸದು ಪುಣೆಯಿಂದ ಬರಲು ಹದಿನೈದು ದಿನ ಬೇಕು. ನಮ್ಮಪ್ಪ ಕಟ್ಟಿಕೊಡ್ತಾನ ಎಂದು ಹುಡುಗಿ ಎಲ್ಲರೆದುರು ಎದೆ ತಟ್ಟಿ ಹೇಳಿ ಮೋಟರ್ ತಂದಳು. ಅದರಲ್ಲಿ ಸುರುಳಿಗೆ ಒಂಬತ್ತೇ ಸುತ್ತು. ಮಾಣಿಕಬಾಯಿ ಒಂಬತ್ತು ಸುತ್ತಿದಳು, ಕೈ ತಾನಾಗಿ ಹತ್ತನೆಯದನ್ನೂ ಸುತ್ತಿತು. ಹನ್ನೆರಡು ಸುರುಳಿಗೂ ಹಾಗೆಯೇ ಆಯಿತು.

ಶುಕ್ರವಾರ ಬೆಳಗ್ಗೆ ತುರೋರಿ ಕಡೆಯ ಒಂದು ಬಯಲಿನಲ್ಲಿ ಓಡಿಸಿ ನೋಡಿದ ಗುಂಪಿನವರು ಹನ್ನೊಂದಕ್ಕೆಲ್ಲ ಗಾಡಿಯನ್ನು ಟೆಂಪೋದಲ್ಲಿ ಹೇರಿಕೊಂಡು ಅಂಗಡಿಗೆ ಬಂದರು. ಸ್ನೇಹಲಳ ಮೊಣಕೈ ತರಚಿ ರಕ್ತ ಒಣಗಿತ್ತು.

"ಕಾಕಾ, ಗಾಡಿ ನೆಟ್ಟಗ ಹೋಗಂಗಿಲ್ಲರೀ," ಎಂದ ಗುಂಪಿನ ಮುಖಂಡ ಧೀರಜ. "ಹೊರಡೂ ಮುಂದ ಎಡಕ್ಕ ಜಗ್ತದ, ಸ್ಪೀಡ್ ಹತ್ತಿದ ಮ್ಯಾಲ ಬಲಕ್ಕ ಜಗ್ತದ. ಹೋಗಿ ಬದುವಿಗಿ ಬಡೀತು."

ಜಗದೇವಪ್ಪನಿಗೆ ಸಿಟ್ಟು ಬಂತು. "ನಾ ಕಟ್ಟಿದ ಮೋಟರ ಇಪ್ಪತ್ತೈದು ವರ್ಷದಾಗ ಒಂದೂ ವಾಪಸ್ ಬಂದಿಲ್ಲ ತಮ್ಮಾ. ಕುಣೀಲಿಕ್ಕ ಬರಲಾರದಾಕಿ ನೆಲ ಡೊಂಕ ಅಂದ್ಲಂತ. ಓಡಸ್ಲಿಕ್ಕ ಬರಬೇಕು ಮೊದಲ."

ಓಡಿಸಿದವಳು ತನ್ನ ಮಗಳೇ ಎಂಬುದು ಆ ಮನುಷ್ಯನಿಗೆ ನೆನಪಾಗುವಷ್ಟರಲ್ಲಿ ಮಾತು ಬಾಯಿ ದಾಟಿತ್ತು. ಧೀರಜ ತಲೆ ಕೆರೆದುಕೊಂಡ. "ಹಂಗಾದ್ರ ಸ್ನೇಹಲ, ಐತವಾರ ಬ್ಯಾರೆ ಯಾರರೆ ಓಡಸ್ಲಿ. ಸಿಟ್ಟಾಗಬ್ಯಾಡ."

"ನಂದೇ ತಪ್ಪಿರಬೇಕು," ಎಂದಳು ಸ್ನೇಹಲ. ಒಂದು ವರ್ಷ ಆ ಗಾಡಿಯ ಕೆಳಗೆ ಮಲಗಿ ಕೆಲಸ ಮಾಡಿದವಳು ಹೋಗಿ ಕಟ್ಟೆಯ ಮೇಲೆ ಕೂತಳು.

ಒಳಬಾಗಿಲಲ್ಲಿ ನಿಂತಿದ್ದ ಮಾಣಿಕಬಾಯಿ ಎಲ್ಲ ಕೇಳಿಸಿಕೊಂಡಳು. ಎಡಕ್ಕೆ ಯಾಕೆ, ಬಲಕ್ಕೆ ಯಾಕೆ ಅವಳಿಗೆ ತಿಳಿಯದು. ತನ್ನ ಕೈ ಏನು ಮಾಡಿದೆ ಎಂಬುದು ಮಾತ್ರ ತಿಳಿಯಿತು. ಸುಮ್ಮನಿರುವುದು ಸುಲಭ, ಇಷ್ಟು ವರ್ಷ ಇದ್ದದ್ದೂ ಹಾಗೆಯೇ. ಬಾಯಿ ಬಿಟ್ಟರೆ ಗಂಡನ ಹೆಸರು ನಾಲ್ಕು ಮಂದಿಯ ಎದುರು ಮಣ್ಣುಗೂಡುತ್ತದೆ, ಆಮೇಲೆ ಮನೆಯಲ್ಲಿ ಅವನ ಮೂತಿ ನೋಡುತ್ತ ದಿನ ಕಳೆಯಬೇಕು. ಅದಕ್ಕೂ ಅವಳಲ್ಲಿ ತ್ರಾಣ ಉಳಿದಿರಲಿಲ್ಲ. ಆದರೆ ಹುಡುಗಿ ಕೂತದ್ದು ಮನ್ಮಥಪ್ಪ ಕೂತಿದ್ದ ಜಾಗದಲ್ಲೇ, ಅವನ ಹಾಗೆಯೇ ಬಾಯಿ ಮುಚ್ಚಿಕೊಂಡು.

"ಹುಡುಗೀದು ತಪ್ಪಿಲ್ಲ," ಎಂದಳು. "ನಾ ಒಂದೊಂದು ಸುತ್ತು ಹೆಚ್ಚಿಗಿ ಹಾಕೀನಿ. ಹತ್ತು ಅವ."

ಜಗದೇವಪ್ಪ ತಿರುಗಿ ನೋಡಿದ. "ಯಾಕ?"

"ಸುಡಬಾರದಂತ. ಎಲ್ಲಾದಕ್ಕೂ ಹಾಕ್ತೀನಿ."

"ಎಂದಿನಿಂದ?"

"ಮನ್ಮಥಪ್ಪಂದು ಸುಟ್ಟಿತ್ತಲ್ಲ, ಅಂದಿನಿಂದ."

ಅವನು ಲೆಕ್ಕ ಹಾಕುವುದು ಮುಖದ ಮೇಲೆಯೇ ಕಾಣುತ್ತಿತ್ತು. "ನನಗೊಂದು ಮಾತು ಹೇಳಲಿಲ್ಲಲ್ಲ."

"ತಂತಿ ಯಾಕ ಜಲ್ದಿ ಮುಗೀತದಂತ ಬೈದ್ರಿ. ಯಾಕ ಸುಡಂಗಿಲ್ಲಂತ ಎಂದಾದ್ರೂ ಕೇಳೀರೇನು?"

ಜಗದೇವಪ್ಪ ಕುರ್ಚಿ ಎಳೆದುಕೊಂಡು ರಸ್ತೆಯ ಕಡೆ ಮುಖ ಮಾಡಿ ಕೂತ.

ಸ್ನೇಹಲ ಎದ್ದು ನಿಂತಿದ್ದಳು. "ಸುತ್ತು ಹೆಚ್ಚಿದ್ದ ಬಲಗಡೀ ಮೋಟರ ಮೊದಲ ಜೋರ್ ಭಾಳ ಕೊಡ್ತದ, ಅದಕ್ಕೇ ಗಾಡಿ ಎಡಕ್ಕ ತಿರಗ್ತು. ಸ್ಪೀಡ್ ಬಂದಾಗ ಎಡಗಡೀ ಒಂಬತ್ತು ಸುತ್ತಿಂದು ಮುಂದ ಓಡ್ತದ, ಹತ್ತು ಸುತ್ತಿಂದು ಹಿಂದ ಬೀಳ್ತದ, ಆಗ ಬಲಕ್ಕ. ಅರವತ್ತರಾಗ ಒಂದು ಹೆಚ್ಚಾದ್ರ ತಿಳಿಯಂಗಿಲ್ಲ ಅವ್ವಾ. ಒಂಬತ್ತರಾಗ ಒಂದು ಅಂದ್ರ ಭಾಳ ಆಯ್ತು."

"ಹಂಗಾದ್ರ ಬಿಚ್ಚಿ ಒಂಬತ್ತೇ ಹಾಕ್ರಿ ಕಾಕು," ಎಂದ ಧೀರಜ. "ನಮಗ ಸ್ಪೀಡ್ ಬೇಕು."

"ಒಂಬತ್ತಿದ್ದದ್ದೇ ಸುಟ್ಟದ್ದಲ್ಲೇನು?" ಎಂದಳು ಸ್ನೇಹಲ. "ಪಂದ್ಯ ಒಂದು ತಾಸಿಂದು. ನಡುವ ಸುಟ್ಟು ನಿಂತ್ರ ಸ್ಪೀಡ್ ತಗೊಂಡು ಏನು ಮಾಡ್ತಿ? ಎಡಗಡೀದೂ ಬಿಚ್ಚೋಣು. ಅದಕ್ಕೂ ಹತ್ತು ಹಾಕಿದ್ರ ಎರಡೂ ಒಂದ ಆಗ್ತಾವ. ಸ್ವಲ್ಪ ಸಾವಕಾಶ ಹೋಗ್ತೀವಿ, ಖರೆ ಕಡೀತನಕ ಹೋಗ್ತೀವಿ."

ಧೀರಜ, "ನೀನೇ ಓಡಸು ಮತ್ತ," ಎಂದು ಸ್ಪ್ಯಾನರ್ ತೆಗೆದುಕೊಂಡ. ಆಮೇಲೆ ಇಬ್ಬರೂ ಮಾಣಿಕಬಾಯಿಯ ಕಡೆ ನೋಡಿದರು. ಸಂಜೆಯೊಳಗೆ ಹನ್ನೆರಡು ಸುರುಳಿ. ಈ ವಾರ ಇನ್ನು ತಂತಿ ಮುಟ್ಟುವುದಿಲ್ಲ ಎಂದು ಅವಳು ನಿನ್ನೆಯಷ್ಟೇ ಆಣೆ ಮಾಡಿಕೊಂಡಿದ್ದಳು. ಭುಜವನ್ನು ಒಮ್ಮೆ ಒತ್ತಿಕೊಂಡು, ಒಳಗೆ ಹೋಗಿ ಕೂತಳು.

ನಾಲ್ಕನೆಯ ಸುರುಳಿ ನಡೆದಿದ್ದಾಗ ಹೊರಗೆ ಪರಿಚಿತ ಧ್ವನಿ ಕೇಳಿಸಿತು. ದಾಳಿಂಬದ ಮನ್ಮಥಪ್ಪ. ಈಗ ಮುದುಕನಾಗಿದ್ದ, ಮೋಟರನ್ನು ಆಟೋದಲ್ಲಿ ತಂದಿದ್ದ. "ಜಗದೇವಪ್ಪಾ, ಇದು ಬ್ಯಾರೆ ಕಡೆ ಕಟ್ಟಿಸಿದ್ದು, ಸುಟ್ಟದ. ನಿನ್ನ ಕೈಲೇ ಕಟ್ಟಿ ಕೊಡು. ನಿನ್ನ ಕೈ ಭಾಳ ಚಲೋ."

ಒಳಗೆ ಮಾಣಿಕಬಾಯಿ ಎಣಿಸುತ್ತಲೇ ಇದ್ದಳು. ಲಾಭ, ಎರಡು, ಮೂರು, ನಾಲ್ಕು.

"ಮೆಲ್ಲಕ ಮಾತಾಡ್ರಿ," ಎಂದ ಜಗದೇವಪ್ಪ. "ಕೈ ನಂದಲ್ಲ. ಎಲ್ಲಾ ಮೋಟರ ನಮ್ಮಾಕೀನೇ ಕಟ್ಟಿದ್ದು. ಒಳಗ ಎಣಸ್ಲಿಕತ್ತಾಳ, ಲೆಕ್ಕ ತಪ್ಪತದ."

ಮಾಣಿಕಬಾಯಿಯ ಕೈ ನಿಂತಿತು. ಐದೋ, ಆರೋ? ಇಪ್ಪತ್ತಾರು ವರ್ಷ ಅವನ ಬಾಯಿಯಿಂದ ಎಷ್ಟು ಸಲ ಲೆಕ್ಕ ತಪ್ಪಿತ್ತೋ, ಪ್ರತಿ ಸಲವೂ ಅವಳು ಹಲ್ಲು ಕಡಿದಿದ್ದಳು. ಈ ಸಲ ಸೆರಗಿನಿಂದ ಕಣ್ಣೊರೆಸಿಕೊಂಡು, ಸುತ್ತಿದಷ್ಟನ್ನೂ ಬಿಚ್ಚಿ, ತಂತಿಯನ್ನು ನೇರ ಮಾಡಿದಳು.

"ಲಾಭ," ಎಂದಳು.