ಮುಂದಿನ ಕೋಣೆ

ಕೆಂಪು ಬಣ್ಣದ ಡಬ್ಬಿ ಹಿಡಿದವನು ಟೈಲರ್ ಅಂಗಡಿಯ ಮೆಟ್ಟಿಲು ಹತ್ತಿ ಒಳಗೆ ಬಂದಾಗ, ಕಿರಿಸೊಸೆ ಕಾಜಾ ಹಾಕಿದ ಅಂಗಿಗಳ ಗಂಟನ್ನು ಮೇಜಿನ ಮೇಲೆ ಬಿಚ್ಚುತ್ತಿದ್ದಳು. ಅವನ ಹಿಂದೆ ಟೇಪು ಹಿಡಿದವನೊಬ್ಬ, ಅವನ ಹಿಂದೆ ನಕ್ಷೆ ಹಿಡಿದ ಸಾಹೇಬ. ಟೇಪಿನ ಒಂದು ತುದಿ ಹೊರಗೆ ರಸ್ತೆಯ ನಡುವಿನಲ್ಲೆಲ್ಲೋ ಇತ್ತು. ಇನ್ನೊಂದು ತುದಿ ಹೊಲಿಗೆ ಮಿಷನ್ ದಾಟಿತು, ಬಟ್ಟೆ ಕತ್ತರಿಸುವ ಮೇಜು ದಾಟಿತು, ಪರದೆಯ ಕೆಳಗೆ ನುಸುಳಿ ಒಳಮನೆಯ ಮಂಚವನ್ನೂ ಒಲೆಯನ್ನೂ ದಾಟಿ ಹಿಂದಿನ ಗೋಡೆಗೆ ಹೋಗಿ ತಾಗಿತು.

"ಇಲ್ಲೀ ತನಕ," ಎಂದ ಸಾಹೇಬ. ಡಬ್ಬಿಯವನು ಗೋಡೆಯ ಮೇಲೆ ಕೆಂಪು ಗೆರೆ ಎಳೆದ.

"ಇಲ್ಲೀ ತನಕ ಅಂದ್ರೆ ಏನು ಸಾರ್?" ಟೈಲರ್ ಕೇಳಿದ.

"ಇಲ್ಲೀ ತನಕ ರಸ್ತೆ."

"ಮತ್ತೆ ನಮಗೆ?"

"ಗೋಡೆ ಉಳಿಯುತ್ತಲ್ರೀ."

"ಗೋಡೆ ನಂದೊಬ್ಬಂದೇ ಅಲ್ಲ ಸಾರ್. ಅರ್ಧ ನನ್ನ ತಮ್ಮಂದು," ಎಂದ ಟೈಲರ್. ಸಾಹೇಬನಿಗೆ ನಗು ಬಂತು, ಆದರೆ ನಗಲಿಲ್ಲ. ಪಕ್ಕದ ಮನೆಗೆ ಹೊರಟುಹೋದ. ಕಿರಿಸೊಸೆ ಗೋಡೆಯನ್ನೇ ನೋಡುತ್ತಾ ನಿಂತಳು. ಆ ಗೆರೆಯ ಆಚೆಗೆ ಇದ್ದದ್ದು ಅವಳ ಮನೆ.

ಬೀದಿಯವರು ಆ ಮನೆಗೆ ರೈಲುಡಬ್ಬಿ ಎನ್ನುತ್ತಿದ್ದರು. ಅಗಲ ನಾಲ್ಕು ಹೆಜ್ಜೆಗೆ ಮುಗಿಯುತ್ತಿತ್ತು, ಉದ್ದ ಮಾತ್ರ ಹೋದಷ್ಟೂ ಹೋಗುತ್ತಿತ್ತು. ಅಪ್ಪ ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ಅದನ್ನು ಅಡ್ಡಕ್ಕೆ ಪಾಲು ಮಾಡಿಕೊಂಡರು. ಅಂಗಡಿ ಇಟ್ಟವನಿಗೆ ರಸ್ತೆ ಬೇಕೇ ಬೇಕು, ಹಾಗಾಗಿ ಮುಂದಿನ ಅರ್ಧ ಅಣ್ಣನಿಗೆ. ದಿನವಿಡೀ ಬಸ್ ಡಿಪೋದಲ್ಲಿ ಇರುವ ಮೆಕ್ಯಾನಿಕ್‌ಗೆ ಯಾವ ಅರ್ಧವಾದರೇನು, ಹಿಂದಿನದು ತಮ್ಮನಿಗೆ. ತಮ್ಮ ಹೂಂ ಅಂದಿದ್ದ. ನಡುವೆ ಬಾಗಿಲಿತ್ತು, ಅವನು ಅಂಗಡಿಯ ಮೂಲಕವೇ ಓಡಾಡುತ್ತಿದ್ದ. ಒಂದು ಸಂಜೆ ಡಿಪೋದಿಂದ ಬಂದವನು, ಮರುದಿನ ಮದುಮಗನೊಬ್ಬ ತೊಡಬೇಕಿದ್ದ ಕೆನೆಬಣ್ಣದ ಕೋಟನ್ನು ಸವರಿಕೊಂಡು ಒಳಗೆ ಹೋದ. ಭುಜದಿಂದ ಜೇಬಿನವರೆಗೆ ಗ್ರೀಸು. ಟೈಲರ್ ಕೂಗಾಡಿದ. ಕೋಟನ್ನು ಓಡಾಡುವ ದಾರಿಯಲ್ಲಿ ನೇತುಹಾಕಿದ್ದು ಯಾರು ಅಂತ ಮೆಕ್ಯಾನಿಕ್ ಕೇಳಿದ. ಮಾತಿಗೆ ಮಾತು ಬೆಳೆದು, ಸತ್ತ ಅಪ್ಪನನ್ನೂ ನಡುವೆ ಎಳೆದು ತಂದರು. ವಾರ ಕಳೆಯುವುದರೊಳಗೆ ಬಾಗಿಲು ಇದ್ದಲ್ಲಿ ಇಟ್ಟಿಗೆ ಬಂತು. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಅಂತ ಗಾರೆಯವನು ಸಿಮೆಂಟು ಕಲಸುತ್ತಲೇ ಹೇಳಿದನಂತೆ. ಕೂಲಿ ಮಾತ್ರ ಇಬ್ಬರಿಂದಲೂ ತೆಗೆದುಕೊಂಡ.

ಅಂದಿನಿಂದ ಅಣ್ಣತಮ್ಮಂದಿರಿಗೆ ಮಾತಿಲ್ಲ. ಆದರೆ ಒಂದೇ ನಲ್ಲಿ, ಒಂದೇ ಚರಂಡಿ, ಒಂದೇ ತಾರಸಿ ಇಟ್ಟುಕೊಂಡು ಮಾತಿಲ್ಲದೆ ಬದುಕುವುದು ಹೇಗೆ? ಕಿರಿಸೊಸೆ ಮೊದಲಿಂದಲೂ ಭಾವನ ಅಂಗಡಿಗೆ ಕಾಜಾ, ಗುಂಡಿ, ಅಂಚಿನ ಕೈಹೊಲಿಗೆ ಮಾಡಿಕೊಡುತ್ತಿದ್ದಳು. ಬಾಗಿಲು ಮುಚ್ಚಿದ ಮೇಲೆ ಪಕ್ಕದ ಸಂದಿಯಲ್ಲಿ ಓರೆಯಾಗಿ ನಡೆದು ಹೋಗುತ್ತಿದ್ದಳು. ಅಂಗಿಗಳ ಜೊತೆ ಮಾತುಗಳನ್ನೂ ಹೊತ್ತು ಹೋಗುವುದು, ಹೊತ್ತು ತರುವುದು ಅವಳ ಪಾಲಿಗೇ ಬಂತು.

"ಮೇಲಿನ ಟ್ಯಾಂಕಿನ ನೀರನ್ನೆಲ್ಲ ಅವನೊಬ್ಬನೇ ಕುಡೀತಾನಂತಾ, ಕೇಳು ಆ ದಡ್ಡನ್ನ," ಎನ್ನುತ್ತಿದ್ದ ಟೈಲರ್. ಅವಳು ಸಂದಿ ದಾಟಿ ಮನೆಗೆ ಬರುವಷ್ಟರಲ್ಲಿ ಅದು, "ಭಾವನ ಕಡೆ ನೀರು ಸಣ್ಣಗೆ ಬರ್ತಿದೆಯಂತೆ, ಪಾಪ," ಎಂದಾಗಿರುತ್ತಿತ್ತು.

"ಸಣ್ಣಗೆ ಬಂದ್ರೆ ಸಣ್ಣಗೆ ಕುಡೀಲಿ," ಎನ್ನುತ್ತಿದ್ದ ಗಂಡ.

"ನೋಡ್ತೀನಿ ಅಂದ್ರು, ಭಾವ," ಎಂದು ಅವಳು ಹೋಗಿ ಹೇಳುತ್ತಿದ್ದಳು. ಸಂಜೆ ಗಂಡ ತಾನಾಗಿ ಸ್ಪ್ಯಾನರ್ ಹಿಡಿದು ತಾರಸಿ ಹತ್ತಿರುತ್ತಿದ್ದ. ಹೀಗೆ ಇಬ್ಬರ ಮಾತಿನ ಕಲ್ಲು ಕಸ ಎಲ್ಲ ಅವಳಲ್ಲೇ ಉಳಿಯುತ್ತಿತ್ತು, ಆಚೆಗೆ ಹೋಗುತ್ತಿದ್ದದ್ದು ಜರಡಿ ಹಿಡಿದ ಹಿಟ್ಟು. ಅದನ್ನು ಅವಳು ಸುಳ್ಳು ಎಂದುಕೊಂಡಿರಲಿಲ್ಲ. ಮನೆಗೆಲಸಗಳಲ್ಲಿ ಇದೂ ಒಂದು ಎಂದುಕೊಂಡಿದ್ದಳು.

ಅವಳಿಗೆ ಇದ್ದ ಒಂದೇ ಕೊರಗು ಬೆಳಕು. ಮದುವೆಯಾಗಿ ಬಂದಾಗ ಹಿಂದಿನ ಅರ್ಧಕ್ಕೆ ಪಕ್ಕದಲ್ಲಿ ಒಂದು ಕಿಟಕಿಯಿತ್ತು, ಅದರಲ್ಲಿ ಆಕಾಶ ಕಾಣುತ್ತಿತ್ತು. ಪಕ್ಕದವರು ಒಂದು ಅಂತಸ್ತು ಏರಿಸಿದರು, ಆಮೇಲೆ ಇನ್ನೊಂದು. ಹಿಂದಿನವರು ಸುಮ್ಮನಿರುತ್ತಾರೆಯೇ, ಅವರೂ ಏರಿಸಿದರು. ಊರಿಗೆ ಊರೇ ಮೇಲಕ್ಕೆ ಹೋಗುತ್ತಿತ್ತು, ಇವರ ಮನೆಯೊಂದು ಬಾವಿಯ ತಳದಲ್ಲಿ ಉಳಿಯಿತು. ಕೊನೆಗೆ ಕಿಟಕಿಯಿಂದ ಕೈ ಚಾಚಿದರೆ ಎದುರು ಗೋಡೆ ಸಿಗುತ್ತಿತ್ತು, ಆ ಗೋಡೆಯಲ್ಲಿ ಯಾರದೋ ಬಚ್ಚಲಿನ ಫ್ಯಾನು ತಿರುಗುತ್ತಿತ್ತು. ನಡುಮಧ್ಯಾಹ್ನ ಟ್ಯೂಬ್‌ಲೈಟ್ ಹಾಕಿಕೊಂಡು ಕಪ್ಪು ಬಟ್ಟೆಗೆ ಕಪ್ಪು ದಾರದಲ್ಲಿ ಕಾಜಾ ಹಾಕುವಾಗ ಅವಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು. "ಏನಕ್ಕೆ ಅಳ್ತಿದೀಯ?" ಎಂದು ಗಂಡ ಕೇಳಿದರೆ, "ಅಳ್ತಿಲ್ಲ, ಹೊಲೀತಿದೀನಿ," ಎನ್ನುತ್ತಿದ್ದಳು.

ಹಾಗಾಗಿ ಕೆಂಪು ಗೆರೆ ನೋಡಿದ ಗಳಿಗೆಯಲ್ಲಿ ಅವಳಿಗೆ ಮೊದಲು ಆದದ್ದು ಸಂತೋಷ. ಅದು ಎಷ್ಟು ಜೋರಾಗಿ ಬಂತೆಂದರೆ, ಭಾವನ ಮುಖ ನೋಡಲಾರದೆ ಅವಳು ಅಂಗಿಗಳನ್ನು ಮತ್ತೆ ಮಡಿಸತೊಡಗಿದಳು. ನಾಚಿಕೆ ಆಮೇಲೆ ಬಂತು. ಬಂದರೂ ಸಂತೋಷ ಹೋಗಲಿಲ್ಲ.

"ಮುಂದೆ, ಮುಂದೆ ಅಂತಿದ್ದ. ಈಗ ನೋಡು, ನಾವೇ ಮುಂದೆ," ಎಂದ ಗಂಡ, ಸುದ್ದಿ ಕೇಳಿ. ನಗಲು ಹೋಗಿ ಅರ್ಧಕ್ಕೇ ಬಿಟ್ಟ. ಮರುದಿನ ಡಿಪೋದಿಂದ ಬಂದವನು ಆ ಗೋಡೆಯ ಮುಂದೆ ನಿಂತು ಎರಡೂ ಕೈ ಚಾಚಿದ. "ಇಲ್ಲಿಂದ ಇಲ್ಲೀವರೆಗೂ ಕಿಟಕಿ ಇಡಿಸ್ತೀನಿ. ಕೆಳಗೆ ಕೂತ್ಕೊಳ್ಳೋಕೆ ಒಂದು ಕಲ್ಲು. ಆಯ್ತಾ?"

ಅವಳು ತಲೆಯಾಡಿಸಿದಳು. ಅಂದಿನಿಂದ ಆ ಖಾಲಿ ಗೋಡೆಯ ಎದುರೇ ಕುಳಿತು ಹೊಲಿಯತೊಡಗಿದಳು, ಕಿಟಕಿ ಆಗಲೇ ಬಂದಿದೆಯೋ ಎನ್ನುವಂತೆ.

ರಸ್ತೆಯ ಆ ತುದಿಯಿಂದ ಮನೆ ಕೆಡವುವ ಯಂತ್ರ ಕೆಲಸ ಶುರು ಮಾಡಿತ್ತು. ಟೈಲರ್‌ಗೆ ಸರ್ಕಾರದಿಂದ ಪರಿಹಾರ ಬರುವುದಿತ್ತು. ಊರ ಹೊರಗೆ ಹೊಸ ಬಡಾವಣೆಯಲ್ಲಿ ಮಗಳ ಮನೆಯ ಹತ್ತಿರ ಒಂದು ಮನೆ ನೋಡಿದ್ದ. ಇರಲು ಜಾಗವಾಯಿತು. ಆದರೆ ಅಂಗಡಿ? ಅವನ ಅಳತೆಗೆ ಒಗ್ಗಿದ ಮೈಗಳೆಲ್ಲ ಇದೇ ರಸ್ತೆಯ ಆಚೆ ಈಚೆ ಇದ್ದವು. ಹೊಸ ಬಡಾವಣೆಯವರು ಬಟ್ಟೆ ಹೊಲಿಸುವವರಲ್ಲ, ಕೊಳ್ಳುವವರು.

ಒಂದು ಬೆಳಿಗ್ಗೆ ಅವಳು ಅಂಗಿಗಳ ಗಂಟು ಹಿಡಿದು ಹೋದಾಗ ಅವನು ಕತ್ತರಿ ಕೆಳಗಿಟ್ಟ. ಕತ್ತರಿ ಹಿಡಿದೇ ಮಾತಾಡುವ ಮನುಷ್ಯ, ಅವಳಿಗೆ ಅಲ್ಲೇ ಏನೋ ಅನ್ನಿಸಿತು.

"ನೋಡಮ್ಮ," ಎಂದ. "ನಿನ್ನ ಗಂಡನ್ನ ಒಂದು ಮಾತು ಕೇಳು. ಈ ಗೋಡೆ ಹಿಂದಿನ ಕೋಣೆ ನಂಗೆ ಬಿಟ್ಟುಕೊಡ್ತಾನಾ ಅಂತ. ಒಂದು ಮಿಷನ್ನು, ಒಂದು ಮೇಜು, ಅಷ್ಟೇ. ಬೆಳಿಗ್ಗೆ ಬಂದು ಸಾಯಂಕಾಲ ಹೋಗ್ತೀನಿ. ಬಾಡಿಗೆ ಅವನು ಹೇಳಿದಷ್ಟು. ಅಣ್ಣ ಅಂತ ಕೊಡೋದು ಬೇಡ, ಬೇರೆ ಯಾರೋ ಅಂದ್ಕೊಂಡು ಕೊಡ್ಲಿ."

ಅವಳು ಇನ್ನೂ ಏನಾದರೂ ಬರಬಹುದೆಂದು ಕಾದಳು. ದಡ್ಡ ಎನ್ನಲಿಲ್ಲ, ಕೋಟಿನ ವಿಷಯ ಎತ್ತಲಿಲ್ಲ. ಇಷ್ಟು ವರ್ಷಗಳಲ್ಲಿ ಅವಳು ತಿದ್ದಬೇಕಾದ್ದು ಏನೂ ಇಲ್ಲದ ಮಾತು ಅವನ ಬಾಯಿಂದ ಬಂದದ್ದು ಅದೇ ಮೊದಲು. ಇದ್ದದ್ದು ಇದ್ದ ಹಾಗೆ ಹೇಳಿದರೆ ಗಂಡ ಕೊಟ್ಟೇ ಕೊಡುತ್ತಾನೆ, ಅದು ಅವಳಿಗೆ ಗೊತ್ತಿತ್ತು. ಕೊಟ್ಟರೆ ಅಲ್ಲಿ ಶಟರ್ ಬರುತ್ತದೆ, ಅದರ ಹಿಂದೆ ಬಟ್ಟೆಯ ಕಪಾಟು, ಅದರ ಹಿಂದೆ ಪರದೆ, ಪರದೆಯ ಹಿಂದೆ ತಾನು. ಬದುಕಿರುವವರೆಗೂ ಟ್ಯೂಬ್‌ಲೈಟೇ.

ಅಂದು ಗಂಡ ಊಟಕ್ಕೆ ಕುಳಿತಾಗ ಅವಳು ಎರಡು ಸಲ ಬಾಯಿ ತೆರೆದಳು. ಒಂದು ಸಲ ಉಪ್ಪು ಸಾಕಾ ಎಂದು ಕೇಳಿದಳು, ಇನ್ನೊಂದು ಸಲ ನೀರು ಬೇಕಾ ಎಂದಳು.

"ಏನಂತೆ ಅವನ ಕಥೆ?" ಗಂಡನೇ ಕೇಳಿದ. "ಅಂಗಡಿ ಎಲ್ಲಿಡ್ತಾನಂತೆ?"

"ಗೊತ್ತಿಲ್ಲ."

"ಏನೂ ಹೇಳ್ಲಿಲ್ವಾ?"

"ಇಲ್ಲ."

ಅವನು ತಟ್ಟೆಯಲ್ಲಿ ಬೆರಳಾಡಿಸಿದ. "ಬಾಯಿ ಬಿಟ್ಟು ಕೇಳಿದ್ರೆ ಅವನ ಗಂಟೇನು ಹೋಗುತ್ತೆ," ಎಂದು ಎದ್ದು ಕೈ ತೊಳೆಯಲು ಹೋದ. ಈಗಲೂ ಹೇಳಬಹುದಿತ್ತು. ಅವನು ಕೈ ಒರೆಸಿಕೊಂಡು ಬಂದ, ಅವಳು ತಟ್ಟೆ ತೆಗೆದುಕೊಂಡು ಒಳಗೆ ಹೋದಳು.

ಟೈಲರ್ ತಾನಾಗಿ ಕೇಳಲಿಲ್ಲ. ಅವಳು ಬಂದಾಗಲೆಲ್ಲ ಅಂಗಿ ಎಣಿಸುವ ನೆಪದಲ್ಲಿ ಅವಳಿಗೆ ಹೇಳಲು ಸಮಯ ಕೊಡುತ್ತಿದ್ದ. ಯಂತ್ರ ನಾಲ್ಕು ಮನೆ ಆಚೆ ಬಂದು ನಿಂತ ದಿನ ಮಾತ್ರ ತಡೆಯಲಾರದೆ, "ಏನಂದ?" ಎಂದ.

"ಆಗಲ್ಲ ಅಂದ್ರು, ಭಾವ."

"ಅಷ್ಟೇನಾ?"

"ಹೂಂ. ಅಷ್ಟೇ."

"ಬೈಲಿಲ್ವಾ?"

"ಇಲ್ಲ."

"ನನ್ನ ಬಗ್ಗೆ ಏನೂ ಅನ್ಲಿಲ್ಲ?"

"ಏನೂ ಅನ್ಲಿಲ್ಲ ಭಾವ. ಆಗಲ್ಲ ಅಂದ್ರು, ಅಷ್ಟೇ."

ಟೈಲರ್ ಕನ್ನಡಕದ ಮೇಲಿಂದ ಅವಳನ್ನು ನೋಡಿದ. ಅವನ ಹತ್ತಿರ ಹೊಲಿಸಿಕೊಂಡವರಿಗೆ ಆ ನೋಟ ಗೊತ್ತು, ಟೇಪು ಹಿಡಿಯುವ ಮೊದಲೇ ಅವನು ಅಳತೆ ಮುಗಿಸಿರುತ್ತಿದ್ದ. "ಬೈಯದೇನೇ ಆಗಲ್ಲ ಅಂದ್ನಾ," ಎಂದು ತನಗೆ ತಾನೇ ಹೇಳಿಕೊಂಡ. ಆಮೇಲೆ ಒಂದು ಪ್ಯಾಂಟಿನ ಬಟ್ಟೆ ಹರವಿ, "ಆ ತುದಿ ಸ್ವಲ್ಪ ಹಿಡ್ಕೊಳಮ್ಮ," ಎಂದ. ಅವಳು ಹಿಡಿದುಕೊಂಡಳು. ಅವನು ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಾ ಹೋದ.

ಕೆಡವುವ ಕೆಲಸ ಒಂದು ಬೆಳಿಗ್ಗೆಯಲ್ಲಿ ಮುಗಿಯಿತು. ಅಂಗಡಿ ಇದ್ದಲ್ಲಿ ಮೊದಲು ಮಣ್ಣು, ಆಮೇಲೆ ಜಲ್ಲಿ, ಆಮೇಲೆ ಡಾಂಬರು ಬಂತು. ಟೈಲರ್ ಹೆಂಡತಿ ಹೊರಡುವಾಗ ಓರಗಿತ್ತಿಯನ್ನು ತಬ್ಬಿಕೊಂಡು ಅತ್ತಳು. ಟೈಲರ್ ಮಿಷನ್ನಿನ ಜೊತೆ ಗಾಡಿಯ ಹಿಂಬದಿಯಲ್ಲೇ ಕುಳಿತು ಹೋದ, ಅದು ಅಲುಗಾಡದಂತೆ ಹಿಡಿದುಕೊಳ್ಳಬೇಕಲ್ಲ. ಆಮೇಲೆ ತಿಳಿದದ್ದು, ದೊಡ್ಡ ರೆಡಿಮೇಡ್ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ್ದಾನೆ ಎಂದು. ಜನ ಕೊಂಡ ಪ್ಯಾಂಟುಗಳ ಉದ್ದ ಕತ್ತರಿಸಿ ಮಡಿಸಿ ಹೊಲಿಯುವ ಕೆಲಸ. ಕೋಟು ಹೊಲಿದ ಕೈ.

ಕಿಟಕಿ ಬಂತು. ಗಂಡ ಹೇಳಿದಷ್ಟೇ ಅಗಲ ಇಡಿಸಿದ, ಕೆಳಗೆ ಕಲ್ಲೂ ಹಾಕಿಸಿದ. ಮೊದಲ ದಿನ ಅವಳು ಒಲೆ ಹೊತ್ತಿಸುವುದನ್ನೂ ಮರೆತು ಕುಳಿತಳು. ಬಿಸಿಲು ನೆಲದ ಮೇಲೆ ಸರಿಯುವುದನ್ನು ನೋಡಿದಳು, ತನ್ನ ಕೈಗಳನ್ನು ನೋಡಿಕೊಂಡಳು, ಇಷ್ಟು ವಯಸ್ಸಾಗಿದೆಯೆಂದು ಗೊತ್ತೇ ಇರಲಿಲ್ಲ. ಧೂಳು ಬಂತು, ಹಾರನ್ ಬಂತು, ಎರಡಕ್ಕೂ ಅವಳು ಬೇಸರಪಡಲಿಲ್ಲ. ಹೊಲಿಯಲು ಮಾತ್ರ ಏನೂ ಇರಲಿಲ್ಲ.

ಒಂದು ರಜೆಯ ಮಧ್ಯಾಹ್ನ ಟೈಲರ್ ಬಂದ. ಈಗ ಸಂದಿಯಲ್ಲಿ ಓರೆಯಾಗಿ ಬರಬೇಕಿರಲಿಲ್ಲ, ರಸ್ತೆಯಿಂದ ನೇರ ಬಾಗಿಲಿಗೇ ಬಂದ. "ಈ ಕಡೆ ಬಂದಿದ್ದೆ," ಎಂದ, ಯಾರೂ ಕೇಳದಿದ್ದರೂ. ಗಂಡ ಗಡಿಬಿಡಿಯಲ್ಲಿ ಎದ್ದು ಕುರ್ಚಿ ಎಳೆದ, ಅದರ ಮೇಲಿದ್ದ ಬಟ್ಟೆಗಳನ್ನು ಎಲ್ಲಿಡುವುದೆಂದು ತಿಳಿಯದೆ ಕೈಯಲ್ಲೇ ಹಿಡಿದು ನಿಂತ. ಕಿರಿಸೊಸೆ ನೀರು ತರುತ್ತೇನೆಂದು ಒಳಗೆ ಹೋಗಿ, ಕೊಡದ ಮುಂದೆ ನಿಂತುಬಿಟ್ಟಳು. ಅವಳಿಲ್ಲದೆ ಅವರು ಮಾತಾಡುತ್ತಿರುವುದು ಕೇಳಿಸುತ್ತಿತ್ತು.

ಮಂಡಿನೋವಿನ ಮಾತಾಯಿತು. ಡಿಪೋಗೆ ಬಂದ ಹೊಸ ಬಸ್ಸುಗಳ ಮಾತಾಯಿತು. ಆಮೇಲೆ ಗಂಡನ ದನಿ, ಸ್ವಲ್ಪ ಗಟ್ಟಿಯಾಗಿ.

"ಅಣ್ಣ, ನೀನು ಒಂದು ಮಾತು ಕೇಳಿದ್ರೆ ಈ ಕೋಣೆ ನಾನು ಕೊಡ್ತಿರ್ಲಿಲ್ವಾ? ನಾನೇನು ಅಷ್ಟು ಕೆಟ್ಟವನಾ?"

ಲೋಟ ತುಂಬಿ ನೀರು ಅವಳ ಬೆರಳ ಮೇಲೆ ಹರಿಯಿತು. ತಟ್ಟೆಯಲ್ಲಿಟ್ಟುಕೊಂಡು ಹೊರಗೆ ಬಂದಳು. ಟೈಲರ್ ಅವಳ ಕಡೆ ನೋಡಲಿಲ್ಲ. ಕಿಟಕಿಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದ.

"ಕೇಳೋಣ ಅಂತಲೇ ಇದ್ದೆ ಕಣೋ," ಎಂದ. "ಬಾಯಿ ಬರ್ಲಿಲ್ಲ. ನನ್ನ ಬಾಯಿ ನಿನಗೆ ಗೊತ್ತಲ್ಲ, ಬೈಯೋಕೆ ಬರುತ್ತೆ, ಕೇಳೋಕೆ ಬರಲ್ಲ."

ಮೆಕ್ಯಾನಿಕ್ ನಕ್ಕ. ಬಹಳ ಕಾಲದ ಮೇಲೆ ಅಣ್ಣತಮ್ಮಂದಿರು ಒಟ್ಟಿಗೆ ನಕ್ಕರು. ಟೈಲರ್ ತಟ್ಟೆಯಿಂದ ಲೋಟ ಎತ್ತಿಕೊಳ್ಳುತ್ತಾ, "ಬೆಳಕು ಚೆನ್ನಾಗಿದೆ ಕಣಮ್ಮ. ನಿನಗೆ ಯಾವಾಗಲೋ ಸಿಗಬೇಕಿತ್ತು," ಎಂದು ಮೆಲ್ಲಗೆ ಹೇಳಿ, ನೀರನ್ನು ಒಂದೇ ಗುಟುಕಿಗೆ ಕುಡಿದ.

ಹೊರಗೆ ಸಿಗ್ನಲ್ ಬಿದ್ದು ಬಸ್ಸೊಂದು ಕಿಟಕಿಯ ಎದುರಿಗೇ ನಿಂತಿತು. ಸೀಟುಗಳಲ್ಲಿ ಕುಳಿತವರು ಬೇರೆ ನೋಡಲು ಏನೂ ಇಲ್ಲದೆ ಮನೆಯೊಳಗೆ ನೋಡುತ್ತಿದ್ದರು. ಅವಳು ಖಾಲಿ ತಟ್ಟೆ ಹಿಡಿದು ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು, ಆಮೇಲೆ ಇನ್ನೊಂದು ಹೆಜ್ಜೆ. ಕೋಣೆಯಲ್ಲಿ ಬೆಳಕು ಬೀಳದ ಜಾಗ ಎಲ್ಲೂ ಇರಲಿಲ್ಲ.